ಬೆಲೆ ಕೇಳುವ ಮೊದಲು ಮಾಲು ಎಷ್ಟು ಬಂದಿದೆ ಕೇಳಿ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಾನು ಒಂದು ಸಣ್ಣ ಮೆಸ್ ನಡೆಸುತ್ತೇನೆ. ದಿನಕ್ಕೆ ಅರವತ್ತು ಊಟ. ಹತ್ತೊಂಬತ್ತು ವರ್ಷದಿಂದ ವಾರಕ್ಕೆ ಮೂರು ದಿನ ಕಲಾಸಿಪಾಳ್ಯಕ್ಕೆ ಹೋಗಿ ತರಕಾರಿ ತರುವವಳು ನಾನೇ. ಊಟಕ್ಕೆ ಬರುವ ಹುಡುಗರು, ಅಕ್ಕಪಕ್ಕದ ಮನೆಯವರು, ತಂಗಿಯ ಅಪಾರ್ಟ್‌ಮೆಂಟಿನವರು ಎಲ್ಲರೂ ಕೇಳುವುದು ಒಂದೇ: "ಅಕ್ಕಾ, ಇವತ್ತು ಟೊಮೆಟೊ ಎಷ್ಟಾಯ್ತು?"

ಮಾರ್ಕೆಟ್ಟಿನಲ್ಲಿ ನಾನು ಮೊದಲು ಬೆಲೆ ಕೇಳುವುದಿಲ್ಲ. "ಅಣ್ಣಾ, ಮಾಲು ಹೇಗೆ ಬಂದಿದೆ?" ಅಂತ ಕೇಳುತ್ತೇನೆ. ಬೆಲೆ ಇವತ್ತಿನ ಮಾತು. ಎಷ್ಟು ಮಾಲು ಇಳಿದಿದೆ ಅನ್ನುವುದರಲ್ಲಿ ನಾಳೆ, ನಾಳಿದ್ದಿನ ಮಾತು ಇದೆ. ದಿನಾ ತುಂಬಿರುವ ಮಂಡಿಯ ಮುಂದೆ ಅರ್ಧ ಜಾಗ ಖಾಲಿ ಇದ್ದು, ಬೆಲೆ ಮಾತ್ರ ನಿನ್ನೆಯಷ್ಟೇ ಇದ್ದರೆ ನಾನು ಮೂರು ದಿನದ್ದು ತೆಗೆದುಕೊಂಡು ಬಿಡುತ್ತೇನೆ. ಓಡಾಡಲು ಜಾಗವಿಲ್ಲದಷ್ಟು ಬಾಕ್ಸ್ ಇಳಿದಿದ್ದರೆ ಒಂದೇ ದಿನದ್ದು ಸಾಕು. ನಾಳೆ ಬೆಲೆ ಇನ್ನೂ ಇಳಿಯುತ್ತದೆ.

ಇದನ್ನು ಮನೆಮಂದಿಯೂ ಕಲಿಯಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಮಾರ್ಕೆಟ್ಟು, ಎಷ್ಟು ಹೊತ್ತಿಗೆ

ತರಕಾರಿಗೆ ಕಲಾಸಿಪಾಳ್ಯ. ಹೂವು, ಸೊಪ್ಪು, ಚಿಲ್ಲರೆ ಗುಡ್ಡೆಗೆ ಪಕ್ಕದ ಕೆ.ಆರ್. ಮಾರುಕಟ್ಟೆ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಮೂಟೆ ಲೆಕ್ಕದಲ್ಲಿ ಬೇಕಾದರೆ ಯಶವಂತಪುರ ಅಥವಾ ದಾಸನಪುರದ ಎಪಿಎಂಸಿ. ಹಣ್ಣಿಗೆ ಹೊಸೂರು ರಸ್ತೆ ಕಡೆಯ ಸಿಂಗೇನ ಅಗ್ರಹಾರ. ಕಲಾಸಿಪಾಳ್ಯದಲ್ಲಿ ನಿಜವಾದ ವ್ಯಾಪಾರ ಇನ್ನೂ ಕತ್ತಲಿರುವಾಗಲೇ ಮುಗಿಯುತ್ತಾ ಬಂದಿರುತ್ತದೆ. ನಾನು ನಾಲ್ಕೂವರೆಗೆ ಅಲ್ಲಿರುತ್ತೇನೆ. ಆರೂವರೆಗೆ ಹೋದರೆ ತಳ್ಳುಗಾಡಿಯವರು, ಅಂಗಡಿಯವರು ಆರಿಸಿಬಿಟ್ಟ ಮಾಲು ಸಿಗುತ್ತದೆ, ಆದರೆ ಬೆಲೆಯೂ ಸ್ವಲ್ಪ ಇಳಿದಿರುತ್ತದೆ. ಸಾಂಬಾರಿಗೆ ಹಾಕುವ ಕುಂಬಳ, ಮೂಲಂಗಿಗೆ ಅದು ಸಾಕು. ಬೀನ್ಸ್, ಸೊಪ್ಪಿಗೆ ಸಾಲದು.

ಒಂದು ಮನೆಗೆ ಎರಡು ಕೆಜಿ ಬೇಕಾದವರು ಮಂಡಿಗೆ ಹೋಗಿ ಪ್ರಯೋಜನವಿಲ್ಲ. ಅಲ್ಲಿ ಚೀಲ, ಬಾಕ್ಸ್ ಲೆಕ್ಕ. ನಾಲ್ಕೈದು ಮನೆಯವರು ಸೇರಿ ಹೋಗಿ. ನನ್ನ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಆರು ಮನೆಯವರು ಹಾಗೆ ಮಾಡುತ್ತಾರೆ. ಎರಡು ವಾರಕ್ಕೊಮ್ಮೆ ಸರದಿ ಮೇಲೆ ಒಬ್ಬರು ಹೋಗಿ ತರುತ್ತಾರೆ, ಉಳಿದವರು ಕೂತು ಪಾಲು ಹಾಕುತ್ತಾರೆ.

ಹೋಗುವ ಹಿಂದಿನ ದಿನ ಕೃಷಿ ಮಾರಾಟ ವಾಹಿನಿ ಜಾಲತಾಣ ನೋಡಿ. ರಾಜ್ಯದ ಎಪಿಎಂಸಿಗಳ ಧಾರಣೆ ಅಲ್ಲಿ ದಿನಾ ಬರುತ್ತದೆ. ಎಲ್ಲರೂ ಗರಿಷ್ಠ ಬೆಲೆಯನ್ನು ನೋಡಿ ಗಾಬರಿಯಾಗುತ್ತಾರೆ. ನೀವು ಮೊದಲು ಆವಕ, ಅಂದರೆ ಎಷ್ಟು ಮಾಲು ಬಂದಿದೆ ಅನ್ನುವುದನ್ನು ನೋಡಿ, ಆಮೇಲೆ ಮಾದರಿ ಬೆಲೆ ನೋಡಿ. ಹೆಚ್ಚಿನ ಮಾಲು ಮಾರಾಟವಾದ ದರ ಅದೇ. ಅಲ್ಲಿರುವುದು ಕ್ವಿಂಟಲ್ ಲೆಕ್ಕ. 2,400 ಅಂದರೆ ಕೆಜಿಗೆ 24. ನಾಲ್ಕು ದಿನದ ಆವಕವನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಏರುತ್ತಿದೆಯೋ ಇಳಿಯುತ್ತಿದೆಯೋ ಕಣ್ಣಿಗೇ ಕಾಣುತ್ತದೆ. ಹಾಪ್‌ಕಾಮ್ಸ್ ದರವನ್ನೂ ನೋಡಿಕೊಳ್ಳಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘ ಅದು, ಬೆಲೆ ಬೋರ್ಡಿನಲ್ಲಿ ಬರೆದಿರುತ್ತಾರೆ. ನೀವು ಮಂಡಿಗೆ ಹೋಗುವ ಶ್ರಮಕ್ಕೆ ಬೆಲೆ ಇದೆಯಾ ಇಲ್ಲವಾ ಅಂತ ಅಳೆಯಲು ಅದು ಒಳ್ಳೆಯ ಅಳತೆ.

ಲೆಕ್ಕ ಹೇಗೆ ಹಾಕಬೇಕು ಅಂದರೆ, 15 ಕೆಜಿಯ ಟೊಮೆಟೊ ಬಾಕ್ಸಿಗೆ 300 ರೂಪಾಯಿ ಅನ್ನಿ. ಕೆಜಿಗೆ 20 ಆಯಿತಲ್ಲಾ ಅಂತ ಖುಷಿಪಡಬೇಡಿ. ತಳದಲ್ಲಿ ಒಂದೂವರೆ ಕೆಜಿ ಒಡೆದದ್ದು, ಕಾಯಿ ಹೋಗುತ್ತದೆ. ಹಮಾಲಿಗೆ, ಆಟೊಗೆ ಆ ಬಾಕ್ಸಿನ ಪಾಲು 60 ಬರುತ್ತದೆ. 360 ರೂಪಾಯಿಗೆ ಹದಿಮೂರೂವರೆ ಕೆಜಿ. ಹತ್ತಿರ ಹತ್ತಿರ 27 ರೂಪಾಯಿ ಬಿತ್ತು. ಮನೆ ಹತ್ತಿರದ ಗಾಡಿಯಲ್ಲಿ 30 ಇದ್ದರೆ ಸುಮ್ನೆ ಗಾಡಿಯವರ ಹತ್ತಿರವೇ ತೆಗೆದುಕೊಳ್ಳಿ. ಅವರೂ ನಾಲ್ಕು ಗಂಟೆಗೆ ಎದ್ದು ಬಂದವರೇ. ಬಾಕ್ಸ್ ಅಂದರೆ ಎಷ್ಟು ಕೆಜಿ ಅಂತಲೂ ಮೊದಲೇ ಕೇಳಿ. ಕೋಲಾರದ ಟೊಮೆಟೊ ಹರಾಜಿನಲ್ಲಿ 15 ಕೆಜಿಯದ್ದು. ಬೇರೆ ಕಡೆಯಿಂದ ಬಂದದ್ದಾದರೆ ಅಳತೆಯೂ ಬೇರೆ ಇರಬಹುದು.

ಮಳೆ ಬಂದ ಎಷ್ಟು ದಿನಕ್ಕೆ ಬೆಲೆ ಏರುತ್ತದೆ

ನಾನು ಕಲಿತದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಒಂದೇ ಮಳೆ, ಆದರೆ ಒಂದೊಂದು ತರಕಾರಿಗೆ ಒಂದೊಂದು ದಿನ ಮುಟ್ಟುತ್ತದೆ.

ಸೊಪ್ಪಿಗೆ ಮಾರನೇ ದಿನವೇ. ಕೊತ್ತಂಬರಿ, ದಂಟು, ಮೆಂತ್ಯ ಎಲ್ಲ ಹೊಸಕೋಟೆ, ಆನೇಕಲ್, ಮಾಲೂರು, ದೊಡ್ಡಬಳ್ಳಾಪುರದ ಸುತ್ತಲಿಂದ ರಾತ್ರಿ ಕಿತ್ತು ಬೆಳಿಗ್ಗೆ ಬರುವಂಥದ್ದು. ರಾತ್ರಿ ಜೋರು ಮಳೆ ಬಂದರೆ ಕೀಳುವುದಕ್ಕೂ ಆಗುವುದಿಲ್ಲ, ಕಿತ್ತರೂ ಕೊಳೆಯುತ್ತದೆ. ಮಳೆ ನಿಂತ ಒಂದು ವಾರಕ್ಕೆ ಬೆಲೆ ಮತ್ತೆ ಇಳಿಯುತ್ತದೆ. ಹಾಗಾಗಿ ಕೊತ್ತಂಬರಿ ತುಟ್ಟಿಯಾಯಿತು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಒಂದು ವಾರ ಕರಿಬೇವಿನಲ್ಲೇ ಸುಧಾರಿಸಿ.

ಟೊಮೆಟೊಗೆ ನಾಲ್ಕೈದು ದಿನ. ಹಣ್ಣು ಬಿರಿಯುತ್ತದೆ, ಚುಕ್ಕೆ ಬೀಳುತ್ತದೆ. ಮಳೆ ಬಿಡದೆ ಹಿಡಿದರೆ ಗಿಡವೇ ಹೋಗುತ್ತದೆ, ಆಗ ಹೊಸ ನಾಟಿ ಫಲಕ್ಕೆ ಬರಲು ಎರಡು ತಿಂಗಳ ಮೇಲೆ ಬೇಕು. 2021ರ ನವೆಂಬರ್‌ನಲ್ಲಿ ಹಾಗೇ ಆಯಿತು, ಬೆಂಗಳೂರಿನಲ್ಲಿ ಕೆಜಿ ನೂರು ದಾಟಿತು. 2023ರ ಜುಲೈಯಲ್ಲಂತೂ ಕೋಲಾರದಲ್ಲಿ 15 ಕೆಜಿ ಬಾಕ್ಸೇ ಎರಡು ಸಾವಿರದ ಮೇಲೆ ಹರಾಜಾಯಿತು. ಆ ತಿಂಗಳು ನಮ್ಮ ಮೆಸ್ಸಿನಲ್ಲಿ ಟೊಮೆಟೊ ಸಾರು ನಿಲ್ಲಿಸಿ ಹುಣಸೆಹಣ್ಣಿನ ಬೇಳೆಸಾರು ಮಾಡಿದೆವು, ಹುರುಳಿಕಟ್ಟಿನ ಸಾರು ಮಾಡಿದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಹುಣಸೆಹಣ್ಣನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಹೊಸದು ಬಂದಾಗಲೇ ವರ್ಷಕ್ಕಾಗುವಷ್ಟು ಕೊಂಡು, ಬೀಜ ತೆಗೆದು, ಉಪ್ಪು ಹಾಕಿ ಜಾಡಿಯಲ್ಲಿ ತುಂಬಿಡುವುದು ಇಂಥ ದಿನಕ್ಕೇ.

ಬೀನ್ಸ್‌ಗೆ ಮಳೆಗಿಂತ ಬಿಸಿಲೇ ಶತ್ರು. ಏಪ್ರಿಲ್, ಮೇನಲ್ಲಿ ಹೂವು ಉದುರುತ್ತದೆ. ಆಗ ಮದುವೆ ಕಾಲ ಬೇರೆ. ಪಲ್ಯಕ್ಕೆ, ಪಲಾವ್‌ಗೆ ಎಲ್ಲ ಚೌಟ್ರಿಗಳಿಗೂ ಬೀನ್ಸ್ ಬೇಕು. ಕೆಜಿ ನೂರು ದಾಟುವುದು ಆ ತಿಂಗಳುಗಳಲ್ಲೇ. ನಾನು ಆಗ ತೊಂಡೆಕಾಯಿ, ಹೀರೆ, ಗೋರಿಕಾಯಿ, ಸೌತೆಗೆ ಹೋಗಿಬಿಡುತ್ತೇನೆ. ನಿಂಬೆಹಣ್ಣೂ ಬೇಸಿಗೆಯಲ್ಲಿ ಹಾಗೇ. 2022ರ ಏಪ್ರಿಲ್‌ನಲ್ಲಿ ಒಂದು ಹಣ್ಣಿಗೆ ಹತ್ತು ರೂಪಾಯಿ ಕೊಟ್ಟದ್ದು ನೆನಪಿದೆ. ಮಳೆಗಾಲದಲ್ಲಿ ಸೋವಿಯಾದಾಗ ಉಪ್ಪಿನಕಾಯಿ ಹಾಕಿ ಮುಗಿಸಿ.

ಈರುಳ್ಳಿಗೆ ಮಾತ್ರ ಮಳೆ ಪೆಟ್ಟು ತಿಂಗಳುಗಟ್ಟಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಾರ್ಚ್‌ನಿಂದ ಮೇವರೆಗೆ ಕೀಳುವ ಬೇಸಿಗೆ ಈರುಳ್ಳಿ ಒಣಗಿ ಬಂದಿರುತ್ತದೆ, ಇಟ್ಟರೆ ಬಾಳುತ್ತದೆ. ಮಹಾರಾಷ್ಟ್ರದ ರೈತರು, ವ್ಯಾಪಾರಿಗಳು ಅದನ್ನೇ ದಾಸ್ತಾನು ಮಾಡಿ ಮಳೆಗಾಲದುದ್ದಕ್ಕೂ ಬಿಡುತ್ತಾರೆ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ನಮ್ಮ ಚಿತ್ರದುರ್ಗ, ಚಳ್ಳಕೆರೆ, ಗದಗ, ಬಾಗಲಕೋಟೆ ಕಡೆಯ ಮಳೆಗಾಲದ ಈರುಳ್ಳಿ ಬರುತ್ತದೆ. ಅದು ನೀರಿನ ಅಂಶ ಜಾಸ್ತಿ ಇರುವ ಈರುಳ್ಳಿ, ಬೇಗ ತಿಂದು ಮುಗಿಸಬೇಕು. ಇವೆರಡರ ನಡುವೆ ಹಳೆಯದು ಮುಗಿದು ಹೊಸದು ಬರುವ ಹೊತ್ತಿಗೆ ಹಸ್ತ, ಚಿತ್ತೆ ಮಳೆ ಜೋರಾದರೆ ಹೊಲದಲ್ಲೇ ಕೊಳೆಯುತ್ತದೆ. 2019ರಲ್ಲಿ ಆದದ್ದು ಅದೇ. ಸೆಪ್ಟೆಂಬರ್, ಅಕ್ಟೋಬರ್ ಮಳೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕೆಜಿ ಇನ್ನೂರು. ಮಳೆ ಬಿದ್ದ ದಿನ ಯಾರಿಗೂ ಗೊತ್ತಾಗಲಿಲ್ಲ.

ನನ್ನ ಕೈ ಸುಟ್ಟದ್ದೂ ಮಳೆಗಾಲದ ಈರುಳ್ಳಿಯಲ್ಲೇ. ಒಂದು ಅಕ್ಟೋಬರ್‌ನಲ್ಲಿ ಬೆಲೆ ಇನ್ನೂ ಏರುತ್ತದೆ ಅಂತ ಒಬ್ಬರು ಹೇಳಿದ್ದನ್ನು ನಂಬಿ, ಆಗಷ್ಟೇ ಇಳಿದ ಹೊಸ ಮಾಲು ನಾಲ್ಕು ಮೂಟೆ ಹಾಕಿಸಿಕೊಂಡೆ. ಬೆಳಿಗ್ಗೆ ಬೆಳಕಿಲ್ಲದ ಹೊತ್ತು, ಮೇಲಿನ ಈರುಳ್ಳಿ ಒಣಗಿತ್ತು, ಬಣ್ಣ ಚೆನ್ನಾಗಿತ್ತು. ಹನ್ನೆರಡನೇ ದಿನ ಅಡುಗೆಮನೆ ಬಾಗಿಲು ತೆಗೆದರೆ ಕೊಳೆತ ವಾಸನೆ. ಒಂದೂವರೆ ಮೂಟೆ ಹಾಗೇ ಹೊರಗೆ ಹಾಕಿದೆ. ಅವತ್ತು ಅತ್ತೆ ಏನೂ ಅನ್ನಲಿಲ್ಲ. ಉಳಿದ ಈರುಳ್ಳಿಯನ್ನು ಟೆರೇಸಿನಲ್ಲಿ ಹರಡಿ ಒಂದೊಂದೇ ಆರಿಸುತ್ತಾ ಕೂತರು. ಹಾಗೆ ಆರಿಸುವಾಗಲೇ ತೋರಿಸಿಕೊಟ್ಟರು: ಈರುಳ್ಳಿಯ ಕುತ್ತಿಗೆಯನ್ನು ಹೆಬ್ಬೆರಳಿನಲ್ಲಿ ಒತ್ತು, ಮೆತ್ತಗೆ ಒಳಗೆ ಹೋದರೆ ಅದು ಒಣಗಿಲ್ಲ. ಕುತ್ತಿಗೆ ಗಟ್ಟಿಯಾಗಿ ಮುಚ್ಚಿಕೊಂಡಿರಬೇಕು, ಸಿಪ್ಪೆ ಸರಸರ ಅನ್ನಬೇಕು. ಈಗ ನಾನು ಮೂಟೆಯ ಮೇಲಲ್ಲ, ಪಕ್ಕಕ್ಕೆ ಕೈ ಹಾಕಿ ಒತ್ತಿ ನೋಡುತ್ತೇನೆ. ತಳ ಮುಟ್ಟಿ ಕೈ ಮೂಸುತ್ತೇನೆ. ತಳ ಒದ್ದೆಯಾಗಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ದಾಸ್ತಾನಿಗೆ ಈರುಳ್ಳಿ ಕೊಳ್ಳುವುದಾದರೆ ಏಪ್ರಿಲ್ ಕೊನೆ, ಮೇ. ಮನೆಗೆ ಹತ್ತು ಹದಿನೈದು ಕೆಜಿ, ಗಾಳಿ ಆಡುವ ಕಡೆ ಹರಡಿಡಿ. ಆಲೂಗಡ್ಡೆಯ ಪಕ್ಕ ಇಡಬೇಡಿ, ಎರಡೂ ಬೇಗ ಹಾಳಾಗುತ್ತವೆ. ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಾಸನದ್ದು ಹೊಸದು ಬರುತ್ತದೆ. ಸಿಪ್ಪೆ ಉಗುರಿನಲ್ಲಿ ಎಬ್ಬಿದರೆ ಬರುತ್ತದೆ. ಪಲ್ಯಕ್ಕೆ, ಹುಳಿಗೆ ಅದಕ್ಕಿಂತ ರುಚಿ ಇಲ್ಲ. ಇಡುವುದಕ್ಕೆ ಮಾತ್ರ ಆಗದು.

ಮಾಗಿಯ ಅವರೆ

ಬೆಂಗಳೂರಿನವರಿಗೆ ಕಾಲ ಅಂದರೆ ಅವರೆಕಾಲವೇ ಅಲ್ವಾ. ನವೆಂಬರ್‌ನಲ್ಲಿ ಶುರು, ಡಿಸೆಂಬರ್, ಜನವರಿ ತುಂಬು ಕಾಲ, ಫೆಬ್ರವರಿಯಲ್ಲಿ ಬಲಿತು ಮುಗಿಯುತ್ತದೆ. ಮಾಗಡಿ, ಹೊಸಕೋಟೆ, ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ ಕಡೆಯಿಂದ ಮೂಟೆ ಮೂಟೆ ಬರುತ್ತದೆ. ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುವ ಗಿಡ ನಾಟಿ ಅವರೆ. ವರ್ಷವಿಡೀ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ನಮ್ಮ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟಿದ್ದಾರೆ. ಅದರಿಂದ ಬೇಸಿಗೆಯಲ್ಲೂ ಅವರೆಕಾಯಿ ಸಿಗುತ್ತದೆ, ರೈತರಿಗೂ ಒಳ್ಳೆಯದಾಗಿದೆ. ಆದರೆ ಮಾಗಿಯ ಚಳಿಯಲ್ಲಿ ಮಂಜು ಕುಡಿದ ನಾಟಿ ಅವರೆಯ ಸೊಗಡು ಅದರಲ್ಲಿ ನನಗೆ ಸಿಕ್ಕಿಲ್ಲ.

ಆರಿಸುವುದು ಹೀಗೆ. ಒಂದು ಹಿಡಿ ಕಾಯಿ ತೆಗೆದುಕೊಂಡು ಮುಷ್ಟಿಯಲ್ಲಿ ಉಜ್ಜಿ. ಅಂಗೈಗೆ ಎಣ್ಣೆ ಸವರಿದ ಹಾಗೆ ಅಂಟು ಹತ್ತಬೇಕು. ಕೈ ಮೂಸಿದರೆ ಆ ಗಾಢ ವಾಸನೆ ಬರಬೇಕು, ಸೋಪು ಹಾಕಿ ತೊಳೆದರೂ ಮಧ್ಯಾಹ್ನದವರೆಗೆ ಹೋಗಬಾರದು. ಅದೇ ಸೊಗಡು. ಆಮೇಲೆ ನಾಲ್ಕು ಕಾಯಿ ಬಿಡಿಸಿ. ಕಾಳು ಸಿಪ್ಪೆಯ ಒಳಗೆ ತುಂಬಿಕೊಂಡಿರಬೇಕು. ಹೊರಗಿಂದ ಉಬ್ಬಿದಂತೆ ಕಂಡು ಒಳಗೆ ಪೀಚಾಗಿದ್ದರೆ ಒಂದು ವಾರ ಕಾಯಿರಿ. ಕಾಳು ಬಲಿತಿದ್ದರೆ ಹುಳಿಗೆ ಆಗುತ್ತದೆ, ಹಿತಕಿದ ಬೇಳೆಗೆ ಆಗುವುದಿಲ್ಲ.

ಬೆಲೆ ಹೋಲಿಸುವಾಗ ಕಾಯಿಯ ಬೆಲೆ ನೋಡಬೇಡಿ, ಕಾಳಿನ ಬೆಲೆ ಲೆಕ್ಕ ಹಾಕಿ. ನಾನು ತೂಗಿ ನೋಡಿದಂತೆ ಒಂದು ಕೆಜಿ ಒಳ್ಳೆಯ ಕಾಯಿ ಬಿಡಿಸಿದರೆ ನಾನೂರು ಗ್ರಾಂ ಹತ್ತಿರ ಕಾಳು ಸಿಗುತ್ತದೆ, ಪೀಚು ಜಾಸ್ತಿ ಇದ್ದರೆ ಮುನ್ನೂರೂ ದಾಟದು. ಕೆಜಿಗೆ 40ರ ಕಾಯಿಗಿಂತ 50ರ ಕಾಯಿ ಎಷ್ಟೋ ಸಲ ಅಗ್ಗ. ಸಂಕ್ರಾಂತಿಯ ಹಿಂದಿನ ಎರಡು ದಿನ ಅವರೆ, ಗೆಣಸು, ಕಡಲೆಕಾಯಿ ಎಲ್ಲ ಏರುತ್ತದೆ. ಹಬ್ಬ ಕಳೆದ ವಾರ ಅದೇ ಕಾಯಿ ಇಳಿಯುತ್ತದೆ, ಕಾಳೂ ಚೆನ್ನಾಗಿ ತುಂಬಿರುತ್ತದೆ. ನಾನು ಫ್ರೀಜರಿಗೆ ಹಾಕಿಡುವುದು ಆ ವಾರವೇ.

ಇದೇ ಚಳಿಯಲ್ಲಿ ನುಗ್ಗೆಕಾಯಿ ಮಾತ್ರ ಚಿನ್ನ. ತಮಿಳುನಾಡಿನ ನುಗ್ಗೆ ಆಗ ಕಾಯಿ ಬಿಡುವುದು ಕಡಿಮೆ. ಮಾರ್ಚ್‌ನಿಂದ ಬೇಕಾದಷ್ಟು ಬರುತ್ತದೆ. ಡಿಸೆಂಬರ್‌ನಲ್ಲಿ ನುಗ್ಗೆಕಾಯಿ ಹುಳಿ ತಿನ್ನಬೇಕು ಅನ್ನಿಸಿದರೆ ನುಗ್ಗೆಸೊಪ್ಪು ತನ್ನಿ.

ಹಣ್ಣು

ಮಾವಿನ ಹಣ್ಣಿಗೆ ಆತುರ ಬೇಡ. ಮೊದಲು ರಾಮನಗರ ಕಡೆಯ ಬಾದಾಮಿ ಏಪ್ರಿಲ್ ಹೊತ್ತಿಗೆ ಬರುತ್ತದೆ. ಮೊದಲ ಮಾಲಿಗೆ ಬೆಲೆ ಜಾಸ್ತಿ, ಕೆಲವು ಕಡೆ ಬಲಿಯುವ ಮೊದಲೇ ಕಿತ್ತಿರುತ್ತಾರೆ. ಮೇ ತಿಂಗಳ ನಡುವೆ ರಸಪುರಿ, ಬಾದಾಮಿ ಎರಡೂ ತುಂಬಿ ಬರುತ್ತವೆ. ಆಮೇಲೆ ಶ್ರೀನಿವಾಸಪುರದ ಹಣ್ಣು. ಮಲ್ಲಿಕಾ, ನೀಲಂ ಕೊನೆಗೆ. ತೊಟ್ಟಿನ ಹತ್ತಿರ ಹೆಗಲು ಎದ್ದಿರಬೇಕು, ಮೂಸಿದರೆ ಅಲ್ಲೇ ವಾಸನೆ ಬರಬೇಕು. ಒಂದೇ ಸಮ ಹಳದಿ ಬಣ್ಣ, ವಾಸನೆ ಇಲ್ಲ ಅಂದರೆ ಬಿಟ್ಟುಬಿಡಿ. ಗಟ್ಟಿ ಕಾಯಿ ತಂದು ಹುಲ್ಲಿನಲ್ಲಿಟ್ಟು ಮನೆಯಲ್ಲೇ ಹಣ್ಣು ಮಾಡಿದರೆ ಅಗ್ಗವೂ ಹೌದು, ನೆಮ್ಮದಿಯೂ ಹೌದು. ಹಲಸು ಮೇಯಿಂದ ಜುಲೈ.

ಹಬ್ಬದ ಬೆಲೆಗೆ ಉಪಾಯ ಒಂದೇ, ಇಡಲು ಬರುವುದನ್ನು ಮೊದಲೇ ತರುವುದು. ಆಯುಧಪೂಜೆಯ ಬೂದುಗುಂಬಳ ಹದಿನೈದು ದಿನ ಮೊದಲೇ ತಂದಿಟ್ಟರೂ ಏನೂ ಆಗುವುದಿಲ್ಲ. ತೊಟ್ಟು ಮುರಿಯದೆ ಇರಲಿ, ಮೇಲಿನ ಬೂದಿ ಒರೆಸಬೇಡಿ. ತೆಂಗಿನಕಾಯಿ, ನಿಂಬೆಹಣ್ಣು ಒಂದು ವಾರ ಮೊದಲು. ವರಮಹಾಲಕ್ಷ್ಮಿಗೆ, ಗೌರಿ ಗಣೇಶಕ್ಕೆ ಏಲಕ್ಕಿ ಬಾಳೆ ಐದು ದಿನ ಮೊದಲು ಕಾಯಿಗೊನೆಯಲ್ಲಿ ಎರಡು ಚಿಪ್ಪು ಹಾಕಿಸಿಕೊಳ್ಳಿ. ಹಬ್ಬದ ದಿನಕ್ಕೆ ಸರಿಯಾಗಿ ಹಣ್ಣಾಗುತ್ತದೆ. ಹೂವಿಗೆ ಮಾತ್ರ ದಾರಿ ಇಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನ ಕನಕಾಂಬರ, ಮಲ್ಲಿಗೆ ಕೇಳುವ ಹಾಗೇ ಇರುವುದಿಲ್ಲ. ನಾನು ಸೇವಂತಿಗೆ, ಚೆಂಡುಹೂವಿನಲ್ಲೇ ಅಲಂಕಾರ ಮಾಡಿ, ದೇವಿಯ ಮುಡಿಗೆ ಒಂದೇ ಮೊಳ ಮಲ್ಲಿಗೆ ತರುತ್ತೇನೆ.

ಮಾತಾಡುವ ರೀತಿ

ಬೋಣಿ ಆಗುವ ಮೊದಲು ಚೌಕಾಸಿ ಮಾಡಬೇಡಿ, ಯಾರಿಗೂ ಇಷ್ಟವಾಗುವುದಿಲ್ಲ. ಅರ್ಧ ಬೆಲೆಗೆ ಕೇಳಬೇಡಿ. "ಅಣ್ಣಾ, ನಾನು ವಾರವಾರ ಬರ್ತೀನಿ, ಸರಿಯಾಗಿ ಹಾಕಿಕೊಡಿ" ಅಂದರೆ ಸಾಕು. ಒಂದೇ ಮಂಡಿಗೆ ಮೂರು ತಿಂಗಳು ಹೋಗಿ ನೋಡಿ. ನನಗೆ ಬೀನ್ಸ್ ಕೊಡುವ ಅಣ್ಣ "ಇವತ್ತು ತಗೋಬೇಡಕ್ಕಾ, ಮಾಲು ಸರಿ ಇಲ್ಲ" ಅಂತ ಎಷ್ಟೋ ಸಲ ವಾಪಸು ಕಳಿಸಿದ್ದಾರೆ. ಅವರು ಹಾಗೆ ಹೇಳಿದ ದಿನ ನಾನು ಬೇರೆ ಕಡೆ ಬೀನ್ಸ್ ಹುಡುಕುವುದೂ ಇಲ್ಲ.

ಹಮಾಲಿ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ. ಅವರ ತಲೆಯ ಮೇಲೆ ಐವತ್ತು ಕೆಜಿ ಇರುತ್ತದೆ, ನಮ್ಮ ಕೈಯಲ್ಲಿ ಖಾಲಿ ಬ್ಯಾಗು. ಹಮಾಲಿ ಕೂಲಿಯಲ್ಲಿ ನಾನು ಐದು ರೂಪಾಯಿಯನ್ನೂ ಹಿಡಿಯುವುದಿಲ್ಲ. ಟಾರ್ಚು, ಚಿಲ್ಲರೆ, ಹಳೆ ಗೋಣಿಚೀಲ ಒಯ್ಯಿರಿ. ಜಾರದ ಚಪ್ಪಲಿ ಹಾಕಿಕೊಳ್ಳಿ, ಮಳೆಗಾಲದಲ್ಲಿ ನೆಲದ ತುಂಬ ಕೋಸಿನ ಎಲೆ.

ಆಟೊದಲ್ಲಿ ಆಲೂಗಡ್ಡೆ ಕೆಳಗೆ, ಕೋಸು, ಬೀನ್ಸ್ ನಡುವೆ, ಟೊಮೆಟೊ ಮೇಲೆ. ಸೊಪ್ಪು ತೊಡೆಯ ಮೇಲೆ ಇಟ್ಟುಕೊಳ್ಳಿ. ಮನೆಗೆ ಬಂದ ತಕ್ಷಣ ಕಾಫಿಗೂ ಮೊದಲು ಸೊಪ್ಪಿನ ಕಟ್ಟು ಬಿಚ್ಚಿ. ಕಟ್ಟಿನ ನಡುವೆ ಬಿಸಿ ಇರುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ಹಾಗೇ ಬಿಟ್ಟರೆ ಸಂಜೆಗೆ ಹಳದಿ. ಬೇರು ಕತ್ತರಿಸಿ, ಒದ್ದೆ ಆರಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಟೊಮೆಟೊವನ್ನು ತೊಟ್ಟು ಕೆಳಗೆ ಮಾಡಿ ಹರಡಿ, ಒಡೆದದ್ದನ್ನು ಬೇರೆ ಇಟ್ಟು ಅವತ್ತೇ ಗೊಜ್ಜು ಮಾಡಿ. ಆಮೇಲೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮಾಲು ಹೇಗೆ ಬಂದಿತ್ತು, ಬೆಲೆ, ಎಲ್ಲಿಂದ ಬಂದದ್ದು, ಎಷ್ಟು ಹಾಳಾಯಿತು ಬರೆಯಿರಿ. ಕೊನೆಯ ಕಾಲಂ ಮೂರು ದಿನ ಬಿಟ್ಟು ತುಂಬಬೇಕು.